ಮೂಗಯ್ಯನ ಕರಿ ಟೀ

ನಮ್ಮೂರಿನಲ್ಲಿ ಬೇರೆ ಯಾವ ವಿಷಯದಲ್ಲಾದರೂ ತಮಾಷೆ ಮಾಡಬಹುದು, ಹಾಲಿನ ವಿಷಯದಲ್ಲಿ ಮಾತ್ರ ಕೂಡದು. ಮಗನ ಕಿವಿ ಅಗಲ ಎಂದರೆ ಅಪ್ಪನಾದವನು ನಕ್ಕು ಸುಮ್ಮನಾಗುತ್ತಾನೆ; ಮನೆಯ ಹಾಲು ತೆಳು ಎಂದರೆ ಅದೇ ಅಪ್ಪ ಅಂಗಿಯ ತೋಳು ಮಡಿಸುತ್ತಾನೆ. ಇದಕ್ಕೆ ಕಾರಣವಿದೆ. ಸುತ್ತಮುತ್ತಲ ಊರುಗಳ ಡೈರಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಒಂದು ಡೈರಿಯಲ್ಲಿ ಈಗ ಕುರ್ಚಿ ಮೇಜು ಮಾರುತ್ತಾರೆ, ಇನ್ನೊಂದರಲ್ಲಿ ಕಾರು ತೊಳೆಯುತ್ತಾರೆ. ಹಿಂಡಿ ದುಬಾರಿ, ಮೇವು ದುಬಾರಿ, ಸಗಣಿ ಬಾಚುವ ಮನೆಗೆ ಸೊಸೆಯಾಗಿ ಬರಲು ಯಾರೂ ಒಪ್ಪುವುದಿಲ್ಲ. ಇದು ಸಾಲದೆಂಬಂತೆ ದೂರದ ಯಾವುದೋ ಕಂಪನಿ, ಕನ್ನಡಕ ಹಾಕಿಕೊಂಡ ಹಸುವಿನ ಚಿತ್ರವಿರುವ ಪ್ಯಾಕೆಟ್ಟುಗಳನ್ನು ತಂದು ಅಂಗಡಿ ಅಂಗಡಿಗೆ ಸುರಿಯಿತು. ಹಸುವಿಗೆ ಕನ್ನಡಕ ಯಾಕೆ ಎಂದು ನಾವು ಕೇಳಿದೆವು. ಉತ್ತರ ಬರಲಿಲ್ಲ, ಪ್ಯಾಕೆಟ್ಟು ಮಾತ್ರ ಬರುತ್ತಲೇ ಇತ್ತು.

ಇಷ್ಟಾದರೂ ನಮ್ಮ ಡೈರಿ ನಿಂತಿತ್ತು. ಮನೆಯ ಹಿಂದೆ ಒಂದೋ ಎರಡೋ ಹಸು ಕಟ್ಟಿಕೊಂಡ ಹೆಂಗಸರು ಬೆಳಗ್ಗೆ ಸಂಜೆ ಕ್ಯಾನು ಹಿಡಿದು ಬರುತ್ತಿದ್ದರು; ಡೈರಿ ಅದನ್ನು ಕಾಯಿಸಿ, ತಣಿಸಿ, ಟ್ಯಾಂಕರಿಗೆ ತುಂಬಿ ಪಟ್ಟಣಕ್ಕೆ ಕಳಿಸುತ್ತಿತ್ತು. ಆ ಹೆಂಗಸರಿಗೂ ಆ ಟ್ಯಾಂಕರಿಗೂ ನಡುವೆ ಒಂದು ಮೂಗು ಇತ್ತು. ಅದೇ ನಮ್ಮ ಮೂಗಯ್ಯ.

ಅವನ ನಿಜವಾದ ಹೆಸರು ಅವನ ಹೆಂಡತಿಗೂ ಕ್ಷಣ ಯೋಚಿಸಿದ ಮೇಲೆ ನೆನಪಾಗುತ್ತಿತ್ತು. ಹಾಲು ಇಳಿಸಿಕೊಳ್ಳುವ ಕಟ್ಟೆಯ ಮೇಲೆ ನಿಂತು, ಪ್ರತಿ ಕ್ಯಾನಿನ ಮುಚ್ಚಳ ತೆಗೆದು, ಬಗ್ಗಿ ಮೂಸುವುದು ಅವನ ಕೆಲಸ. ಯಂತ್ರಗಳೂ ಇದ್ದವು, ಆದರೆ ಮೊದಲು ಮೂಗು, ಆಮೇಲೆ ಯಂತ್ರ. ಮೂಸಿ ಅವನು "ಹಾಕಿ" ಎಂದರೆ ಹಾಲು ಒಳಗೆ. "ವಾಪಸ್ಸು" ಎಂದರೆ ಮುಗಿಯಿತು.

"ಅಕ್ಕಾ, ನಿಮ್ಮ ಹಸು ನಿನ್ನೆ ಈರುಳ್ಳಿ ಸೊಪ್ಪು ತಿಂದಿದೆ."

"ಇಲ್ಲಪ್ಪಾ, ನಮ್ಮ ಹಿತ್ತಲಲ್ಲಿ ಈರುಳ್ಳಿಯೇ ಇಲ್ಲ."

"ಪಕ್ಕದವರ ಹಿತ್ತಲಲ್ಲಿ?"

ಅಕ್ಕ ಕ್ಯಾನು ಎತ್ತಿಕೊಂಡು ಹೊರಡುತ್ತಿದ್ದಳು. ಇಂಥ ಮೂಗನ್ನು ಹೊತ್ತ ಮನುಷ್ಯ ಬೀದಿಯಲ್ಲಿ ನಡೆಯುವಾಗ ತಲೆ ಸ್ವಲ್ಪ ಹಿಂದಕ್ಕೆ ವಾಲಿದ್ದರೆ ಅದನ್ನು ಜಂಬ ಎನ್ನಲಾಗದು. ಮೂಗಿನ ಭಾರಕ್ಕೆ ಹಾಗಾಗಿರಬಹುದು.

ಹೀಗಿರುವಾಗ ಮೂಗಯ್ಯನ ಹೊಟ್ಟೆ ಕೆಟ್ಟಿತು. ಒಂದು ದಿನ ಕೆಟ್ಟು ಸರಿಹೋಗುವ ಹೊಟ್ಟೆಯಲ್ಲ; ಟೀ ಕುಡಿದ ಕೂಡಲೇ ಒಳಗೆ ಯಾರೋ ಪೀಪಾಯಿ ಉರುಳಿಸಿದಂತೆ ಸದ್ದು, ಆಮೇಲೆ ಓಟ. ಕೊನೆಗೆ ಅವನು ಡಾಕ್ಟರಮ್ಮನ ಹತ್ತಿರ ಹೋದ. ಅವರು ಒತ್ತಿ ನೋಡಿ, ತಟ್ಟಿ ನೋಡಿ, "ಹಾಲು ಬಿಡಿ" ಎಂದರು.

"ಯಾವ ಟ್ಯಾಂಕಿಗೆ ಬಿಡ್ಲಿ?" ಎಂದ ಮೂಗಯ್ಯ, ಅಭ್ಯಾಸಬಲದಿಂದ.

"ಟ್ಯಾಂಕಿಗಲ್ಲ ಮಾರಾಯರೇ, ಕುಡಿಯೋದು ಬಿಡಿ. ನಿಮ್ಮ ಹೊಟ್ಟೆಗೆ ಹಾಲು ಅರಗ್ತಾ ಇಲ್ಲ."

ಮೂಗಯ್ಯ ಎದ್ದು ಹೋಗಿ ಬಾಗಿಲು ಹಾಕಿ ಬಂದ. "ಮೆಲ್ಲಗೆ ಹೇಳಿ ಡಾಕ್ಟ್ರೇ. ಬೇರೆ ಏನಾದ್ರೂ ಕಾಯಿಲೆ ಇರಬಹುದಾ? ಸ್ವಲ್ಪ ಮರ್ಯಾದಸ್ಥರ ಕಾಯಿಲೆ? ಹೃದಯದ್ದು, ಗಿದಯದ್ದು?"

"ನಿಮ್ಮ ಹೃದಯ ಗಟ್ಟಿಯಾಗಿದೆ."

"ಇನ್ನೊಂದ್ಸಲ ನೋಡಿ. ಹುಡುಕಿದ್ರೆ ಸಿಗಬಹುದು."

ಸಿಗಲಿಲ್ಲ. ಮನೆಗೆ ಬಂದು ಹೆಂಡತಿಗೆ ಮಾತ್ರ ಹೇಳಿದ. ಅಡುಗೆಮನೆಗೆ ಗೊತ್ತಾಗದೆ ಯಾವ ಪಥ್ಯವೂ ನಡೆಯುವುದಿಲ್ಲವಲ್ಲ. ಅವಳು ನಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಅವನನ್ನು ಮೇಲಿಂದ ಕೆಳಗೆ ನೋಡಿ, "ಮೂಗಿಗೆ ಹಾಲು ಬೇಕು, ಹೊಟ್ಟೆಗೆ ಬೇಡ. ಒಂದೇ ಮನೇಲಿ ಅತ್ತೆ ಸೊಸೆ ಇದ್ದ ಹಾಗಾಯ್ತು ನಿಮ್ಮ ಮೈ" ಎಂದಳು.

"ಯಾರಿಗೂ ಹೇಳಬೇಡ ಕಣೇ. ಡೈರಿಯವನಿಗೆ ಹಾಲು ಆಗಲ್ಲ ಅಂದ್ರೆ ಈಜು ಕಲಿಸೋನು ನೀರಿಗೆ ಹೆದರಿದ ಹಾಗೆ."

ಮರುದಿನ ಬೆಳಗಿನ ಕೆಲಸ ಮುಗಿಸಿ, ಎಂದಿನಂತೆ ಡೈರಿ ಗೇಟಿನ ಎದುರಿನ ಟೀ ಅಂಗಡಿಗೆ ಹೋಗಿ ಕೂತ. "ನನಗೆ ಹಾಲು ಹಾಕದೆ ಕೊಡು. ಕರಿ ಟೀ" ಎಂದ.

ಟೀ ಅಂಗಡಿಯವನ ಕೈ ಅರ್ಧದಲ್ಲಿ ನಿಂತಿತು. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಕ್ಷೌರಿಕ ಪೇಪರ್ ಕೆಳಗಿಳಿಸಿದ. ಬೆಂಚಿನ ತುದಿಯಲ್ಲಿದ್ದ ಟ್ಯಾಂಕರ್ ಚಾಲಕ ತನ್ನ ಲೋಟದೊಳಗೆ ಇಣುಕಿ ನೋಡಿಕೊಂಡ.

"ಯಾಕಣ್ಣಾ? ಏನಾಯ್ತು?"

"ಏನಿಲ್ಲ. ಒಳಗೆ ಸ್ವಲ್ಪ ಸರಿಯಿಲ್ಲ."

"ಒಳಗೆ ಅಂದ್ರೆ..." ಟೀ ಅಂಗಡಿಯವನು ಕಣ್ಣಲ್ಲೇ ಡೈರಿಯ ಗೇಟನ್ನು ತೋರಿಸಿದ. ಮೂಗಯ್ಯ ಅದನ್ನು ನೋಡಲಿಲ್ಲ. ಅವನು ಹೊಟ್ಟೆ ಸವರಿಕೊಳ್ಳುವುದನ್ನು ಅಂಗಿ ಕೊಡವಿಕೊಳ್ಳುವಂತೆ ಮಾಡುವುದರಲ್ಲಿ ಮಗ್ನನಾಗಿದ್ದ.

"ಒಳಗಿನ ವಿಷಯ ಕಣಯ್ಯ. ಹೊರಗೆ ಹೇಳೋ ಹಾಗಿಲ್ಲ" ಎಂದು ಗಂಭೀರವಾಗಿ ಕರಿ ಟೀ ಕುಡಿದು, ಮುಖ ಹುಳ್ಳಗೆ ಮಾಡಿಕೊಂಡು ಎದ್ದು ಹೋದ.

ಬೆಂಕಿ ಹತ್ತಿಸಲು ಕಡ್ಡಿಯಾದರೂ ಗೀರಬೇಕು. ಸುದ್ದಿಗೆ ಅದೂ ಬೇಡ. ಕ್ಷೌರಿಕನ ಅಂಗಡಿಯಲ್ಲಿ ಅದು "ಡೈರಿ ಒಳಗೆ ಏನೋ ಸರಿಯಿಲ್ವಂತೆ, ಮೂಗಯ್ಯನೇ ಹಾಲು ಮುಟ್ಟಲ್ವಂತೆ" ಎಂದಿತ್ತು. ಮುಂದಿನ ಬೀದಿಯಲ್ಲಿ ಹಾಲಿನ ಟ್ಯಾಂಕಿಗೆ ಇಲಿ ಬಿತ್ತು. ಬಟ್ಟೆ ಅಂಗಡಿಯ ಹತ್ತಿರ ಇಲಿಯನ್ನು ಹಿಡಿಯಲು ಬೆಕ್ಕು ಬಿತ್ತು. ಬಸ್ ನಿಲ್ದಾಣ ತಲಪುವಷ್ಟರಲ್ಲಿ ಬೆಕ್ಕನ್ನು ಎತ್ತಲು ಹೋಗಿ ಒಬ್ಬ ನೌಕರನೇ ಬಿದ್ದಿದ್ದ. ಯಾರು ಆ ನೌಕರ? ಮೂಗಯ್ಯ, ಇನ್ಯಾರು! ಅದಕ್ಕೇ ಅವನಿಗೆ ಹಾಲು ಕಂಡರೆ ಭಯ.

ಸಂಜೆ ಮೂಗಯ್ಯ ಮನೆಯ ಮೆಟ್ಟಿಲು ಹತ್ತುವಾಗ ಪಕ್ಕದ ಮನೆಯ ನಿವೃತ್ತ ಪೋಸ್ಟ್ ಮಾಸ್ತರರು ಅಡ್ಡ ಬಂದು ಅವನ ಭುಜ ಮುಟ್ಟಿ, ತೋಳು ಮುಟ್ಟಿ, ಕೊನೆಗೆ ಕೂದಲು ಮೂಸಿದರು.

"ಏನ್ ಸಾರ್ ಇದು?"

"ಏನಿಲ್ಲಪ್ಪ. ಬದುಕಿದೆಯಲ್ಲ, ಅಷ್ಟು ಸಾಕು. ಈಜು ಬರ್ತಿತ್ತಾ?"

ಒಳಗೆ ಹೆಂಡತಿ ಫೋನಿನಲ್ಲಿ ತಂಗಿಗೆ ಕೂಗಿ ಹೇಳುತ್ತಿದ್ದಳು: "ಇಲ್ವೇ, ನಿಮ್ಮ ಭಾವ ಎಲ್ಲೂ ಬಿದ್ದಿಲ್ಲ! ಮೂಗೂ ಮುರಿದಿಲ್ಲ! ಬೆಕ್ಕಾ? ಯಾವ ಬೆಕ್ಕು?"

ಮರುದಿನ ಡೈರಿಯಲ್ಲಿ ಊರಿನವರಿಗೆ ಹಾಲು ಮಾರುವ ಕಿಟಕಿಯ ಮುಂದೆ ಸಾಲೇ ಇರಲಿಲ್ಲ. ಕಿರಾಣಿ ಅಂಗಡಿಯಲ್ಲಿ ಕನ್ನಡಕದ ಹಸು ಹೊತ್ತೇರುವ ಮೊದಲೇ ಮುಗಿದುಹೋಯಿತು. ತಲೆತಲಾಂತರದಿಂದ ನಮ್ಮ ಹಾಲು ಕುಡಿದು ಬೆಳೆದವರು ಆ ಪ್ಯಾಕೆಟ್ಟನ್ನು ಕಳ್ಳಮಾಲಿನಂತೆ ಚೀಲದ ತಳದಲ್ಲಿಟ್ಟು, ಮೇಲೆ ಸೊಪ್ಪು ಮುಚ್ಚಿಕೊಂಡು ಮನೆಗೆ ಒಯ್ದರು. ಅಷ್ಟು ನಾಚಿಕೆಯಾದರೂ ಉಳಿದಿತ್ತು ಎನ್ನುವುದು ಊರಿನ ಹಿರಿಮೆ.

ಡೈರಿಯ ಮ್ಯಾನೇಜರಿಗೆ ಇದು ಬರಬಾರದ ಹೊತ್ತಿನಲ್ಲಿ ಬಂದ ಆಪತ್ತು. ಪಟ್ಟಣದ ದೊಡ್ಡ ಆಸ್ಪತ್ರೆಯವರು ಮುಂದಿನ ವರ್ಷದ ಹಾಲನ್ನು ಯಾರಿಂದ ಕೊಳ್ಳಬೇಕೆಂದು ನಿರ್ಧರಿಸಲು ಅದೇ ದಿನ ಬರುವವರಿದ್ದರು. ಆಸ್ಪತ್ರೆ ಕೈಬಿಟ್ಟರೆ ಸಂಜೆಯ ಹಾಲು ಕೊಳ್ಳುವವರಿಲ್ಲ. ಸಂಜೆಯ ಹಾಲು ನಿಂತರೆ ಹೆಂಗಸರು ಹಸು ಮಾರುತ್ತಾರೆ. ಹಸು ಹೋದರೆ ನಮ್ಮ ಡೈರಿಯಲ್ಲೂ ಕಾರು ತೊಳೆಯಬಹುದು. ಮ್ಯಾನೇಜರ್ ಬೆವರೊರೆಸಿಕೊಂಡು ಮೂಗಯ್ಯನನ್ನು ಕರೆಸಿದರು. ಕೋಣೆಯಲ್ಲಿ ಇಬ್ಬರು ಗುಮಾಸ್ತೆಯರೂ, ಎಂಜಿನಿಯರರೂ ಇದ್ದರು.

"ಒಳಗೆ ಏನೋ ಸರಿಯಿಲ್ಲ ಅಂದ್ರಂತೆ. ಏನು ಸರಿಯಿಲ್ಲ?"

ಮೂಗಯ್ಯ ಗುಮಾಸ್ತೆಯರ ಕಡೆ ನೋಡಿ ನೆಲ ನೋಡಿದ. "ಅದು... ಕೆಳಗಡೆ ಸಾರ್."

"ಕೆಳಗಡೆ ಅಂದ್ರೆ? ಪೈಪ್‌ಲೈನಾ?"

"ಒಂಥರಾ ಪೈಪ್‌ಲೈನೇ ಸಾರ್."

ಎಂಜಿನಿಯರ್ ಕುರ್ಚಿಯಿಂದ ಅರ್ಧ ಎದ್ದರು. "ಕಟ್ಟಿಕೊಂಡಿದೆಯಾ?"

"ಕಟ್ಟಿಕೊಂಡಿದ್ರೆ ಎಷ್ಟೋ ವಾಸಿ ಇತ್ತು ಸಾರ್."

"ಹಾಗಾದ್ರೆ ಲೀಕು!"

ಮೂಗಯ್ಯ ದುಃಖದಿಂದ ತಲೆಯಾಡಿಸಿದ. "ಹಾಲು ಬಿದ್ದ ಕೂಡಲೇ."

"ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದು ಮ್ಯಾನೇಜರ್ ಮೇಜು ಕುಟ್ಟಿದರು.

"ಎಲ್ಲರ ಮುಂದೆ ಹೇಳೋ ಮಾತಾ ಸಾರ್ ಅದು? ನಿಮಗೆ ಆಗಿದ್ರೆ ನೀವು ಹೇಳ್ತಿದ್ರಾ?"

ಮ್ಯಾನೇಜರಿಗೆ ಇದು ಅರ್ಥವಾಗಲಿಲ್ಲ, ಆದರೆ ಎಂಜಿನಿಯರಿಗೆ ಎಲ್ಲವೂ ಅರ್ಥವಾಗಿತ್ತು. ಅವರು ಆಗಲೇ ಹೊರಗೆ ಓಡಿ ಯಂತ್ರ ನಿಲ್ಲಿಸಿದ್ದರು. ಹೊಳೆಯುವ ಉಕ್ಕಿನ ಪೈಪುಗಳನ್ನು ಒಂದೊಂದಾಗಿ ಬಿಚ್ಚಿ ಅಂಗಳದಲ್ಲಿ ಸಾಲಾಗಿ ಮಲಗಿಸಿದರು. ಎಂಜಿನಿಯರ್ ಪ್ರತಿ ಪೈಪಿಗೂ ಒಂದು ಕಡೆಯಿಂದ ಕಣ್ಣಿಟ್ಟು ನೋಡಿದರು. ಇನ್ನೊಂದು ಕಡೆಯಿಂದ ಗೇಟಿನ ಹೊರಗೆ ನೆರೆದ ಊರು ನೋಡಿತು.

"ನೋಡಿದ್ರಾ, ಬೆಕ್ಕು ಹುಡುಕ್ತಾ ಇದ್ದಾರೆ" ಎಂದ ಕ್ಷೌರಿಕ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹಾಲು ಹಾಕುವ ಹೆಂಗಸರೆಲ್ಲ ಕ್ಯಾನು ಹೊತ್ತು ಒಟ್ಟಾಗಿ ಗೇಟಿಗೆ ಬಂದರು. ಮುಂದೆ ದೊಡ್ಡಕ್ಕ. ಊರಿನಲ್ಲಿ ಎಲ್ಲರಿಗಿಂತ ಹಳೆಯ ಹಾಲಿನವಳು. ಗಂಡನನ್ನು ಕಳೆದುಕೊಂಡ ಮೇಲೆ ಎರಡು ಹಸುಗಳ ಬಲದಿಂದ ಮೂವರು ಹೆಣ್ಣುಮಕ್ಕಳನ್ನು ಓದಿಸಿದವಳು. ಕೈಯಲ್ಲಿ, ಆಗಷ್ಟೇ ಕಾಯಿಸಿದ ಹಾಲಿನ ತಂಬಿಗೆ.

"ಎಲ್ಲಿ ಆ ಮೂಗು?" ಎಂದು ಅವಳು ಕೇಳಿದ ದನಿಗೆ ಕಾವಲುಗಾರ ಗೇಟು ತಾನಾಗಿ ತೆಗೆದ. "ನನ್ನ ಹಸು ಕೊಟ್ಟಿಗೆ ನನ್ನ ಹಾಸಿಗೆಗಿಂತ ಚೊಕ್ಕಟವಾಗಿದೆ. ನನ್ನ ಹಾಲು ಕುಡಿಯೋಕಾಗಲ್ಲ ಅಂತ ಊರಿಗೆಲ್ಲ ಸಾರಿದನಂತೆ! ಇವತ್ತು ನನ್ನ ಕಣ್ಣೆದುರಿಗೆ ಕುಡಿದು ಮಾತಾಡಲಿ."

ಡೈರಿಯ ಅಧ್ಯಕ್ಷರು ಬಂದರು. ಜನ ಗುಂಪುಗೂಡಿದ ಕಡೆ ಮೈಕು ಇಲ್ಲದಿದ್ದರೆ ಅವರಿಗೆ ಉಸಿರು ಕಟ್ಟುತ್ತಿತ್ತು, ಮೈಕು ಬಂತು. ಅವರ ಮನೆಯ ಹಾಲಿನ ಕ್ಯಾನನ್ನು ಆಳು ಎಲ್ಲರಿಗೂ ಕಾಣಲೆಂದು ಕಟ್ಟೆಯ ಮುಂದೆಯೇ ತಂದಿಟ್ಟ; ಉಳಿದವರ ಕ್ಯಾನುಗಳು ಗೋಡೆಯ ನೆರಳಿನಲ್ಲಿ ಕೂತವು. ಅಧ್ಯಕ್ಷರು ಹಾಲಿನ ಮಹಿಮೆಯಿಂದ ಆರಂಭಿಸಿ, ಹಸುವಿನ ಸ್ವಭಾವಕ್ಕೆ ಬಂದು, ಅಲ್ಲಿಂದ ತಮ್ಮ ಬಾಲ್ಯಕ್ಕೆ ಹೋದರು. ಬಾಲ್ಯದಿಂದ ಅವರು ಬೇಗ ಮರಳಲಿಲ್ಲ. ಮರಳುವಷ್ಟರಲ್ಲಿ ಬಿಸಿಲು ಅಂಗಳದ ಅರ್ಧ ದಾಟಿತ್ತು, ಮತ್ತು ಆಸ್ಪತ್ರೆಯ ಕಾರು ಗೇಟಿನೊಳಗೆ ಬಂದು ನಿಂತಿತ್ತು.

ಕಾರಿನಿಂದ ಇಳಿದ ಅಧಿಕಾರಿಣಿ ಅಂಗಳದ ತುಂಬ ಮಲಗಿದ್ದ ಪೈಪುಗಳನ್ನೂ, ಕ್ಯಾನು ಹಿಡಿದ ಹೆಂಗಸರನ್ನೂ, ಗೋಡೆ ಹತ್ತಿ ಕೂತ ಊರನ್ನೂ ನೋಡಿ, "ಇಲ್ಲಿ ಏನು ನಡೀತಿದೆ?" ಎಂದರು.

ಮ್ಯಾನೇಜರ್ ಬಾಯಿ ತೆರೆದರು, ಮಾತು ಬರಲಿಲ್ಲ. ಅಧ್ಯಕ್ಷರಿಗೆ ಬಂತು: "ತಾವು ಸರಿಯಾದ ಸಮಯಕ್ಕೆ ಬಂದ್ರಿ ಮೇಡಂ! ನಮ್ಮ ಹಾಲು ಹೇಗಿದೆ ಅನ್ನೋದನ್ನ ನಮ್ಮ ಮೂಗಯ್ಯನವರೇ ಈಗ ಕುಡಿದು ತೋರಿಸ್ತಾರೆ!"

ಮೂಗಯ್ಯನನ್ನು ಕಟ್ಟೆಯ ಮೇಲೆ ಹತ್ತಿಸಿದರು. ದೊಡ್ಡಕ್ಕ ತಂಬಿಗೆಯಿಂದ ದೊಡ್ಡ ಲೋಟಕ್ಕೆ ಹಾಲು ಬಗ್ಗಿಸಿ ಕೈಗಿಟ್ಟಳು. ಕೆನೆ ಕಟ್ಟಿದ, ಹಳದಿ ಛಾಯೆಯ, ಎಂಥ ಸಿಟ್ಟಿನವನಿಗೂ ಆಸೆ ಹುಟ್ಟಿಸುವ ಹಾಲು. ಪರಿಮಳ ಮೂಗಿಗೆ ಏರಿತು. ಮೂಗು ಮೆಚ್ಚಿತು. ಹೊಟ್ಟೆ ಮಾತ್ರ, ಏನು ಬರಲಿದೆ ಎಂದು ಮೊದಲೇ ತಿಳಿದು, ಗುಡುಗಿತು. ಮುಂದೆಯೇ ಅಧ್ಯಕ್ಷರು ಮೈಕು ಹಿಡಿದು ನಿಂತಿದ್ದರಿಂದ ಆ ಗುಡುಗು ಧ್ವನಿವರ್ಧಕದಲ್ಲಿ ಹೊರಟು ಬೀದಿಯ ಕೊನೆಯವರೆಗೆ ಕೇಳಿಸಿತು.

"ಮೋಟಾರು ಕೆಟ್ಟಿದೆ!" ಎಂದು ಎಂಜಿನಿಯರ್ ಮತ್ತೆ ಓಡಿದರು.

"ಮೋಟಾರಲ್ಲ!" ಎಂದು ಮೂಗಯ್ಯ ಕೂಗಿದ. ಎದುರಿಗೆ ದೊಡ್ಡಕ್ಕನ ಕಣ್ಣಲ್ಲಿ ನೀರು ಕಂಡು ಅವನಿಗೆ ಇನ್ನು ತಡೆಯಲಾಗಲಿಲ್ಲ. "ಡೈರಿ ಒಳಗೆ ಎಲ್ಲ ಸರಿಯಾಗಿದೆ. ನನ್ನ ಒಳಗೆ ಸರಿಯಿಲ್ಲ! ನನ್ನ ಹೊಟ್ಟೆಗೆ ಹಾಲು ಆಗಲ್ಲ. ಕುಡಿದ್ರೆ... ಓಡಬೇಕಾಗುತ್ತೆ. ಅಷ್ಟೇ ವಿಷಯ. ಇಲಿಯೂ ಇಲ್ಲ, ಬೆಕ್ಕೂ ಇಲ್ಲ. ನಾಚಿಕೆಗೆ ಹೇಳಲಿಲ್ಲ."

ಆಮೇಲೆ ಗೋಡೆಯ ಮೇಲಿಂದ ಕ್ಷೌರಿಕನ ದನಿ: "ಡೈರಿ ಹಾಲು ಕುಡಿದೇ ಹೊಟ್ಟೆ ಕೆಟ್ಟಿದ್ದು ಅಂತ ಒಪ್ಪಿಕೊಂಡ!"

"ಮ್ಯಾನೇಜರ್ ಹೇಳಿಕೊಟ್ಟಿದ್ದು!" ಎಂದಿತು ಇನ್ನೊಂದು ದನಿ.

ಪಾಪ, ಒಬ್ಬ ಮನುಷ್ಯ ತನ್ನ ಹೊಟ್ಟೆಯನ್ನೇ ಊರ ಮುಂದೆ ಬಿಚ್ಚಿಟ್ಟರೂ ನಂಬದಿದ್ದರೆ ಇನ್ನೇನು ಬಿಚ್ಚಬೇಕು? ಆಗ ಗುಂಪನ್ನು ಮೊಣಕೈಯಿಂದ ಸೀಳಿಕೊಂಡು ಮೂಗಯ್ಯನ ಹೆಂಡತಿ ಕಟ್ಟೆ ಹತ್ತಿದಳು. ಅಧ್ಯಕ್ಷರ ಕೈಯಿಂದ ಮೈಕು ಕಿತ್ತುಕೊಂಡಳು. ಅದುವರೆಗೆ ಯಾರೂ ಆ ಧೈರ್ಯ ಮಾಡಿರಲಿಲ್ಲ.

"ನಾನು ಇವರ ಹೆಂಡತಿ. ಇವರ ಹೊಟ್ಟೆ ವಿಷಯ ನನಗಿಂತ ಚೆನ್ನಾಗಿ ಗೊತ್ತಿರೋರು ಯಾರಾದ್ರೂ ಇದ್ರೆ ಮುಂದೆ ಬನ್ನಿ."

ಯಾರೂ ಬರಲಿಲ್ಲ.

"ನಮ್ಮ ಹಾಲು ಕುಡಿದು ಓಡಿದ್ರು. ಹಾಲಿನ ದೋಷವೋ ಹೊಟ್ಟೆ ದೋಷವೋ ಅಂತ ನನಗೂ ಅನುಮಾನ ಬಂತು. ಡಾಕ್ಟ್ರ ಹತ್ರ ಹೋಗೋ ಮುಂಚೆ ನಾನೇ ಪರೀಕ್ಷೆ ಮಾಡಿದೆ. ಇವರಿಗೆ ಹೇಳದೆ ಕನ್ನಡಕದ ಹಸು ಹಾಲು ತಂದು ಟೀ ಮಾಡಿ ಕೊಟ್ಟೆ."

"ಏನೇ?" ಮೂಗಯ್ಯ ಬೆಚ್ಚಿದ. ಊರು ನಂಬದಿದ್ದಾಗಲೂ ಆಗದ ನೋವು ಈಗ ಅವನ ಮುಖದಲ್ಲಿ ಕಂಡಿತು. "ನಮ್ಮನೇಲಿ? ಆ ಹಾಲಾ? ನನ್ನ ಮೂಗಿಗೆ ಗೊತ್ತಾಗಲಿಲ್ವಲ್ಲೇ!"

"ಗೊತ್ತಾಗಬಾರದು ಅಂತಾನೇ ಶುಂಠಿ ಜಜ್ಜಿ ಹಾಕಿದ್ದೆ, ಸುಮ್ನಿರಿ. ಅದಕ್ಕೆ ಇನ್ನೂ ಜೋರಾಗಿ ಓಡಿದ್ರು. ಪುಡಿ ಹಾಲು ಕಲಸಿ ಕೊಟ್ಟೆ, ಅದಕ್ಕೂ ಓಡಿದ್ರು. ಈ ಹೊಟ್ಟೆಗೆ ಪಕ್ಷಪಾತ ಅನ್ನೋದೇ ಇಲ್ಲ! ನಮ್ಮೂರ ಹಾಲನ್ನೇ ನಾನು ಕುಡೀತೀನಿ, ನಮ್ಮತ್ತೆ ಕುಡೀತಾರೆ. ಈ ವಯಸ್ಸಲ್ಲೂ ನಮ್ಮತ್ತೆ ನನ್ನ ತಪ್ಪು ಹುಡುಕೋಕೆ ಏಣಿ ಹತ್ತಿ ಅಟ್ಟದ ಮೇಲೆ ನೋಡ್ತಾರೆ. ಹಾಲಲ್ಲಿ ಸತ್ವ ಇಲ್ಲದಿದ್ರೆ ಆಗುತ್ತಾ ಅದು?"

ಮೊದಲು ನಕ್ಕವಳು ದೊಡ್ಡಕ್ಕ. ಆಮೇಲೆ ಅಂಗಳವೆಲ್ಲ ನಕ್ಕಿತು. ಅತ್ತೆಯ ವಿಷಯದಲ್ಲಿ ಸುಳ್ಳು ಹೇಳುವ ಸೊಸೆ ಇರಬಹುದು, ಆದರೆ ಅತ್ತೆಯ ಆರೋಗ್ಯವನ್ನು ಊರೆದುರು ಹೊಗಳುವ ಸೊಸೆಯನ್ನು ನಂಬಲೇಬೇಕು. ಗೋಡೆಯ ಮೇಲಿದ್ದವರು ಇಳಿದರು. ಹೊಟ್ಟೆಗೆ ಏನು ಮದ್ದು ಎಂದು ಆಗಲೇ ಎರಡು ಗುಂಪುಗಳಾಗಿ ವಾದ ಶುರುವಾಗಿತ್ತು.

ಆಸ್ಪತ್ರೆಯ ಅಧಿಕಾರಿಣಿ ನಗಲಿಲ್ಲ. ಮೂಗಯ್ಯನ ಕೈಯಿಂದ ಲೋಟ ತೆಗೆದುಕೊಂಡು ತಾವೇ ಕುಡಿದರು. ತುಟಿಯ ಮೇಲಿನ ಕೆನೆ ಒರೆಸಿಕೊಂಡು, "ಹಾಲು ಚೆನ್ನಾಗಿದೆ. ಆದರೆ ಒಂದು ಲೋಟ ಚೆನ್ನಾಗಿದ್ದರೆ ಸಾಲದು. ನಾನು ಕೊಳ್ಳೋದು ರೋಗಿಗಳಿಗೆ. ನೀವು ದಿನಾ ಹೇಗೆ ಹಾಲು ತಗೋತೀರಿ, ಅದನ್ನ ತೋರಿಸಿ" ಎಂದರು.

ಮೂಗಯ್ಯ ಅಂಗಿ ಸರಿಮಾಡಿಕೊಂಡ. ಇದು ಅವನ ಕೆಲಸ. ಕಟ್ಟೆಯ ಮುಂದಿದ್ದ ಮೊದಲ ಕ್ಯಾನು ಅಧ್ಯಕ್ಷರದು. ಮುಚ್ಚಳ ತೆಗೆದ. ಬಗ್ಗಿದ. ಎದ್ದ. ಮತ್ತೊಮ್ಮೆ ಬಗ್ಗಿದ.

"ವಾಪಸ್ಸು" ಎಂದ.

ಮ್ಯಾನೇಜರ್ ಕಣ್ಣು ಮುಚ್ಚಿಕೊಂಡರು. ಅಧ್ಯಕ್ಷರು ಅವನ ಕಿವಿಯ ಹತ್ತಿರ ಬಂದು, "ಏಯ್, ಅದು ನಮ್ಮನೇದು ಕಣಯ್ಯ" ಎಂದು ಪಿಸುಗುಟ್ಟಿದರು. ಅವರ ಕೈಗೆ ಮರಳಿದ್ದ ಮೈಕು ಅದನ್ನೂ ಊರಿಗೆ ಹೇಳಿತು.

"ಗೊತ್ತು ಸಾರ್. ತಂದಾಗ ಚೆನ್ನಾಗೇ ಇತ್ತು. ನೀವು ಭಾಷಣ ಶುರು ಮಾಡಿದಾಗ ಹಾಲಾಗಿತ್ತು, ಮುಗಿಸೋ ಹೊತ್ತಿಗೆ ಹುಳಿ ತಿರುಗಿದೆ. ಬಿಸಿಲಲ್ಲಿ ಇಟ್ಟಿದ್ರಲ್ಲ. ತಗೋಳಕ್ಕಾಗಲ್ಲ."

"ಇದೊಂದ್ಸಲ..."

"ಆಸ್ಪತ್ರೆಗೆ ಹೋಗೋ ಹಾಲು ಸಾರ್. ಅಲ್ಲಿ ನನ್ನಂಥ ಹೊಟ್ಟೆಯವರೇ ಇರ್ತಾರೆ."

ಅಧ್ಯಕ್ಷರು ಅವನನ್ನು ನೋಡಿದರು, ಹೆಂಗಸರನ್ನು ನೋಡಿದರು, ತಮ್ಮ ಕ್ಯಾನನ್ನು ನೋಡಿದರು. ಆಮೇಲೆ, ನಮ್ಮೂರಿನವರೇ ಆದ್ದರಿಂದ, ಆಳನ್ನು ಕರೆದು "ತಗೊಂಡ್ಹೋಗೋ ಇದನ್ನ. ಅವನು ವಾಪಸ್ಸು ಅಂದ ಮೇಲೆ ವಾಪಸ್ಸು" ಎಂದರು.

ಮೂಗಯ್ಯ ಒಂದೊಂದೇ ಕ್ಯಾನಿಗೆ ಬಗ್ಗುತ್ತ ಹೋದ. "ಹಾಕಿ. ಹಾಕಿ. ಹಾಕಿ ಅಕ್ಕಾ, ಇವತ್ತು ಈರುಳ್ಳಿ ಇಲ್ಲ. ಹಾಕಿ." ಪ್ರತಿ "ಹಾಕಿ"ಗೂ ಒಬ್ಬೊಬ್ಬಳು ಹೆಂಗಸು ಒಂದು ಗೇಣು ಎತ್ತರವಾಗುತ್ತಿದ್ದಳು. ಇತ್ತ ಎಂಜಿನಿಯರ್ ಹೊಳೆಯುವ ಪೈಪುಗಳನ್ನು ಜೋಡಿಸುತ್ತ, ಒಳಗೆ ಒಂದು ಕೂದಲೂ ಸಿಗಲಿಲ್ಲವೆಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ಕ್ಷೌರಿಕನಿಗೆ ಎರಡು ಸಲ ಹೇಳಿದರು.

ಅಧಿಕಾರಿಣಿ ಮ್ಯಾನೇಜರಿನ ಕೈ ಕುಲುಕಿದರು. "ನಾನು ಎಷ್ಟೋ ಡೈರಿ ನೋಡಿದ್ದೀನಿ. ಅಧ್ಯಕ್ಷರ ಹಾಲು ವಾಪಸ್ಸು ಹೋಗಿದ್ದು ಎಲ್ಲೂ ನೋಡಿಲ್ಲ. ವರ್ಷ ಪೂರ್ತಿ ನಿಮ್ಮ ಹಾಲೇ ಕಳಿಸಿ."

ಆಮೇಲೆ ಎದ್ದ ಕೇಕೆಗೆ ಕೊಟ್ಟಿಗೆಗಳಲ್ಲಿ ಹಸುಗಳು ಬೆದರಿ ಹಾಲು ಇಳಿಸದೆ ಏರಿಸಿಕೊಂಡವೆಂದು ಹೇಳುವವರಿದ್ದಾರೆ. ದೊಡ್ಡಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ತಂಬಿಗೆಯಲ್ಲಿ ಉಳಿದಿದ್ದ ಹಾಲನ್ನು ಅಲ್ಲಿದ್ದವರಿಗೆಲ್ಲ ಹಂಚತೊಡಗಿದಳು. ಮೂಗಯ್ಯನ ಮುಂದೆ ಬಂದಾಗ ಕೈ ಹಿಂದೆಗೆದಳು.

"ನಿನಗೆ ಬೇಡಪ್ಪ. ನಿನ್ನ ಹೊಟ್ಟೆ ಸುಖವಾಗಿರಲಿ."

ಮೂಗಯ್ಯ ಲೋಟ ನೋಡಿದ. ಸುತ್ತಲೂ ಊರೇ ಹಾಲು ಕುಡಿಯುತ್ತಿತ್ತು. ಕ್ಷೌರಿಕನ ಮೀಸೆಯೂ ಬೆಳ್ಳಗಾಗಿತ್ತು.

"ಕೊಡು ದೊಡ್ಡಕ್ಕ" ಎಂದ.

"ರೀ, ಬೇಡ!" ಎಂದಳು ಹೆಂಡತಿ.

"ಸುಮ್ನಿರೇ. ನಮ್ಮೂರ ಹಾಲು ಗೆದ್ದ ದಿನ ನಾನೊಬ್ಬ ಬಾಯಿ ಒಣಗಿಸಿಕೊಂಡು ನಿಲ್ಲಲಾ? ಆಗಿದ್ದಾಗಲಿ."

ತಲೆ ಹಿಂದಕ್ಕೆ ಚೆಲ್ಲಿ, ಒಂದೇ ಉಸಿರಿಗೆ ಕುಡಿದು, ಖಾಲಿ ಲೋಟವನ್ನು ಎಲ್ಲರಿಗೂ ಕಾಣುವಂತೆ ತಲೆಕೆಳಗು ಮಾಡಿ ಹಿಡಿದ. ಊರು ಹುಚ್ಚೆದ್ದು ಕೂಗಿತು. ಇನ್ನೂ ಕೂಗುತ್ತಿರುವಾಗಲೇ ಧ್ವನಿವರ್ಧಕದಲ್ಲಿ ಗುಡುಗು ಕೇಳಿಸಿತು. ಮೂಗಯ್ಯನ ಮುಖ ಬದಲಾಯಿತು. ಅವನು ಕಟ್ಟೆಯಿಂದ ಜಿಗಿದ.

ಅಧ್ಯಕ್ಷರು ಮೈಕು ಹಿಡಿದು ತಮ್ಮ ಜೀವನದ ಅತಿ ಚಿಕ್ಕ ಭಾಷಣ ಮಾಡಿದರು:

"ದಾರಿ ಬಿಡಿ!"

ಊರು ಎರಡಾಗಿ ಸೀಳಿಕೊಂಡು ದಾರಿ ಬಿಟ್ಟಿತು. ಹೆಂಗಸರು ಕ್ಯಾನು ಪಕ್ಕಕ್ಕೆಳೆದರು, ಎಂಜಿನಿಯರ್ ಪೈಪು ಎತ್ತಿ ಹಿಡಿದರು, ಕಾವಲುಗಾರ ಅಂಗಳದ ಕೊನೆಯ ಬಾಗಿಲನ್ನು ತೆರೆದು ಸಲಾಮು ಹೊಡೆದು ನಿಂತ. ಮೂಗೆತ್ತಿಕೊಂಡು ಮೂಗಯ್ಯ ಆ ದಾರಿಯಲ್ಲಿ ಓಡಿದ. ಎರಡೂ ಬದಿಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಬಾಗಿಲು ಮುಚ್ಚಿ, ಚಿಲಕ ಬಿದ್ದ ಸದ್ದು ಕೇಳುವವರೆಗೂ ಅದು ನಿಲ್ಲಲಿಲ್ಲ.